ಕನ್ನಡಕದ ಬೆಕ್ಕು

ಬೇರೆಯವರ ಮನೆಯ ಮಾತನ್ನು ಹೀಗೆ ಹೊರಗೆ ತಂದು ಹರಡುವುದು ಸರಿಯಲ್ಲ, ಅದೂ ಹದಿನಾರರ ವಯಸ್ಸಿನ ಹುಡುಗಿಯರ ಮಾತನ್ನು. ಈ ಪೇಜು, ಲೈಕು, ಬ್ಲಾಕುಗಳ ವ್ಯವಹಾರ ಹೇಳುವವರಿಗೇ ಅರ್ಧಂಬರ್ಧ ಗೊತ್ತು ಎಂಬುದು ಇನ್ನೊಂದು ಕೊರತೆ. ತಪ್ಪು ಕಂಡಲ್ಲಿ ಓದುವವರು ತಿದ್ದಿಕೊಳ್ಳಬೇಕು. ಆದರೂ ಹೇಳದೆ ಬಿಟ್ಟರೆ ತುತ್ತು ಗಂಟಲಲ್ಲೇ ನಿಂತ ಹಾಗೆ ಆಗುತ್ತದೆ. ಅದಕ್ಕೇ, ಮೊದಲೇ ಕ್ಷಮೆ ಕೇಳಿಕೊಂಡು, ಟೈಲರಮ್ಮನ ಮನೆಯ ಆ ಕೆಲವು ವಾರಗಳ ಸಂಗತಿ.

ಟೈಲರಮ್ಮ ಹೊಸ ಬಟ್ಟೆ ಹೊಲಿಯುವವಳಲ್ಲ, ಹಳೆಯದನ್ನು ಸರಿಮಾಡುವವಳು. ಪ್ಯಾಂಟು ಗಿಡ್ಡ ಮಾಡುವುದು, ಜಿಪ್ ಬದಲಿಸುವುದು, ತೂಕ ಇಳಿಸುತ್ತೇನೆಂದು ಶಪಥ ಮಾಡಿ ಇನ್ನಷ್ಟು ಏರಿಸಿಕೊಂಡವರ ಅಂಗಿಯ ಒಳಹೊಲಿಗೆ ಬಿಚ್ಚಿ ಸಡಿಲ ಮಾಡುವುದು. ಮನೆಯ ಮುಂದಿನ ಕೋಣೆಯೇ ಅಂಗಡಿ. ಅದರಲ್ಲೊಂದು ಮೆಷಿನ್, ಒಂದು ಮೂಲೆ ಸುಟ್ಟ ಇಸ್ತ್ರಿ ಮೇಜು, ತಲೆಯೂ ಕೈಕಾಲೂ ಇಲ್ಲದ ಒಂದು ಡಮ್ಮಿ. ಡಮ್ಮಿಯ ಹೊಟ್ಟೆ ಹರಿದಿದ್ದರಿಂದ ಅದಕ್ಕೆ ಹೂವಿನ ಪರದೆಯ ಬಟ್ಟೆಯಿಂದ ತೇಪೆ ಹಾಕಿದ್ದಳು. ಊರವರ ಬಟ್ಟೆಗೆಲ್ಲ ಬಣ್ಣಕ್ಕೆ ಬಣ್ಣ ಹೊಂದಿಸುವ ಕೈಗೆ ಸ್ವಂತ ಡಮ್ಮಿಗೆ ಹೊಂದುವ ಬಟ್ಟೆ ಹುಡುಕಲು ಪುರಸೊತ್ತು ಸಿಕ್ಕಿರಲಿಲ್ಲ.

ಕೆಲಸ ಮುಗಿದ ಬಟ್ಟೆಯನ್ನು ಡಮ್ಮಿಗೆ ತೊಡಿಸಿ, ಫೋಟೋ ತೆಗೆದು, ಅಂಗಡಿಯ ಪೇಜಿನಲ್ಲಿ ಹಾಕುವುದು ಅವಳ ಪದ್ಧತಿ. ಒಬ್ಬೊಬ್ಬರಿಗೂ ಫೋನ್ ಮಾಡಿ ಕರೆಯುವುದಕ್ಕಿಂತ ಇದು ಸಲೀಸು ಎಂದು ಕಲಿಸಿಕೊಟ್ಟವಳು ಮಗಳು ಚೂಟಿ. ಅಮ್ಮ ಪೆಡಲ್ ತುಳಿಯುತ್ತ ಹೇಳಬೇಕು, ಚೂಟಿ ಟೈಪ್ ಮಾಡಬೇಕು. ಗಣಿತದಲ್ಲಿ ಅಂಕ ಬಿದ್ದುಹೋಯಿತೆಂದು ಅಪ್ಪ ಅವಳ ಫೋನನ್ನು ತನ್ನ ಉಪಕರಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ ಮೇಲೆ ಅವಳಿಗೆ ಅಂಗಡಿಯ ಮೇಲೆ ಎಲ್ಲಿಲ್ಲದ ಅಕ್ಕರೆ ಬಂದಿತ್ತು. "ಅಮ್ಮಾ, ಏನಾದ್ರೂ ಹಾಕೋದಿದ್ಯಾ?" ಎಂದು ಗಳಿಗೆಗೊಮ್ಮೆ ಬಂದು ಫೋನ್ ಒಯ್ಯುತ್ತಿದ್ದಳು. ಮಗಳಿಗೆ ಜವಾಬ್ದಾರಿ ಬಂತು ಎಂದು ಟೈಲರಮ್ಮ ಹಿಗ್ಗಿದ್ದಳು.

ಆ ದಿನ ಚೂಟಿ ಶಾಲೆಗೆ ಹೋಗಿದ್ದಳು. ವ್ಯಾನ್ ಡ್ರೈವರನ ಪ್ಯಾಂಟಿಗೆ ಹೊಸ ಜಿಪ್ ಹಾಕಿ ಮುಗಿದಿತ್ತು. ಇದ್ದದ್ದು ಅದೊಂದೇ ಪ್ಯಾಂಟೋ ಏನೋ, ಅವನು ಬೆಳಿಗ್ಗೆಯಿಂದ ಎರಡು ಸಲ ಬಂದು ಹೋಗಿದ್ದ. ಕಾಯುವುದೇಕೆ ಎಂದು ಟೈಲರಮ್ಮ ಡಮ್ಮಿಯ ಸೊಂಟಕ್ಕೆ ಪ್ಯಾಂಟನ್ನು ಪಿನ್ನು ಚುಚ್ಚಿ ನೇತುಹಾಕಿ, ತಾನೇ ಫೋಟೋ ತೆಗೆದು, ಒಂದೊಂದೇ ಅಕ್ಷರ ಒತ್ತಿ ಬರೆದಳು: "ಡ್ರೈವರ್ ಅಣ್ಣಾ, ನಿಮ್ಮ ಜಿಪ್ ಸರಿಯಾಗಿದೆ. ಇನ್ನು ಭಯವಿಲ್ಲ. ಸಂಜೆ ಬಂದು ತಗೊಂಡು ಹೋಗಿ."

ಮಧ್ಯಾಹ್ನದ ಹೊತ್ತಿಗೆ ಫೋನು ಇಸ್ತ್ರಿ ಮೇಜಿನ ಮೇಲೆ ಬುರ್ ಬುರ್ ಎಂದು ಒದ್ದಾಡತೊಡಗಿತು.

"ಅತ್ತೆ, ನೋಡಿ ಇಲ್ಲಿ. ಒಂದು ಜಿಪ್ಪಿಗೆ ಎಷ್ಟು ಜನ ನಗುಮುಖ ಹಾಕಿದಾರೆ!"

ಕಿಟಕಿಯ ಬಳಿ ಕೂತು ಗುಂಡಿ ಹೊಲಿಯುತ್ತಿದ್ದ ಅತ್ತೆ ತಲೆ ಎತ್ತಲಿಲ್ಲ. "ಜಿಪ್ಪಲ್ಲಿ ನಗೋಕೆ ಏನಿದೆಯಂತೆ?"

"ಖುಷಿಗೆ ಇರಬೇಕು."

"ನಮ್ಮ ಕಾಲದಲ್ಲಿ ಜಿಪ್ ಕೆಟ್ರೆ ನಗ್ತಿದ್ರು. ಸರಿಯಾದ್ರೆ ಯಾರೂ ನಗ್ತಿರಲಿಲ್ಲಮ್ಮ."

ಟೈಲರಮ್ಮ ಓದುತ್ತಾ ಹೋದಳು. 'ಬೆಕ್ಕೇ, ನೀನೂ ಪ್ಯಾಂಟ್ ಹಾಕ್ತೀಯಾ?' 'ಸಿಕ್ಕಿಬಿತ್ತು ಸಿಕ್ಕಿಬಿತ್ತು!' 'ಇದು ಅವಳ ಮನೆ ಡಮ್ಮಿ ಅಲ್ವಾ?' ಯಾವ ಬೆಕ್ಕು? ಪೇಜಿನ ತಲೆಯ ಮೇಲೆ ಕಣ್ಣು ಹಾಯಿಸಿದಳು. ಅಲ್ಲಿ ಅಂಗಡಿಯ ಕತ್ತರಿಯ ಚಿತ್ರ ಇರಲಿಲ್ಲ. ದುಂಡು ಕನ್ನಡಕ ಹಾಕಿಕೊಂಡ ಒಂದು ಬೆಕ್ಕು ಕೂತಿತ್ತು. ಕಂಪನಿಯವರು ಏನೋ ಬದಲಾಯಿಸಿರಬೇಕು ಅಂದುಕೊಂಡು ತನ್ನ ಹಳೆಯ ಫೋಟೋಗಳಿಗಾಗಿ ಕೆಳಗೆ ಸರಿಸಿದಳು. ಯಾರೋ ಮೇಷ್ಟರು ಬಾಯಿ ತೆರೆದು ನಿದ್ದೆ ಮಾಡುತ್ತಿರುವ ಫೋಟೋ. ಯಾವುದೋ ಹುಡುಗಿಯ ಮೊಡವೆಗೆ ಗೆರೆ ಎಳೆದು ಭೂಪಟ ಮಾಡಿದ ಫೋಟೋ. ಅದರ ಕೆಳಗೆ ತನ್ನ ಮೇಜು.

ತನ್ನದೇ ಮೇಜು, ಸುಟ್ಟ ಮೂಲೆ ಸಮೇತ. ಅದರ ಮೇಲೆ ಶಾಲೆಯ ಬೂದುಬಣ್ಣದ ಸ್ಕರ್ಟ್. ಔಷಧಿ ಅಂಗಡಿಯವರ ಮಗಳದ್ದು. ಹುಡುಗಿ ದಪ್ಪಗಾಗಿದ್ದಳು, ವರ್ಷದ ನಡುವೆ ಹೊಸ ಸಮವಸ್ತ್ರ ಸಿಗುವುದಿಲ್ಲ ಎಂದು ಅವಳ ಅಮ್ಮ ತಂದುಕೊಟ್ಟಿದ್ದಳು. ಟೈಲರಮ್ಮ ಹಳೆಯ ಸ್ಕರ್ಟೊಂದನ್ನು ಬಿಚ್ಚಿ, ಎರಡೂ ಪಕ್ಕಕ್ಕೆ ಪಟ್ಟಿ ಸೇರಿಸಿ, ಸೇರಿಸಿದ ಜಾಗ ನೆರಿಗೆಯ ಒಳಗೆ ಅಡಗುವ ಹಾಗೆ ಹೊಲಿದಿದ್ದಳು. "ಎಲ್ಲಿ ಸೇರಿಸಿದೀರಿ ಅಂತ ನನಗೇ ಕಾಣ್ತಿಲ್ಲವಲ್ರೀ" ಎಂದು ಔಷಧಿ ಅಂಗಡಿಯಾಕೆ ಬಟ್ಟೆ ತಿರುಗಿಸಿ ತಿರುಗಿಸಿ ನೋಡಿದ್ದಳು. ಫೋಟೋದಲ್ಲಿ ಆ ಸ್ಕರ್ಟು ಒಳಗನ್ನು ಹೊರಗೆ ಮಾಡಿಕೊಂಡು ಬಿದ್ದಿತ್ತು. ಪಟ್ಟಿ, ಕಚ್ಚಾ ಹೊಲಿಗೆ, ಸೊಂಟದಲ್ಲಿ ಬರೆದ ಹುಡುಗಿಯ ಹೆಸರು, ಎಲ್ಲ ಕಾಣುತ್ತಿತ್ತು. 'ಎರಡು ಸ್ಕರ್ಟ್ ಸೇರಿ ಒಂದು!' ಎಂದು ಮೇಲೆ. ಕೆಳಗೆ ನಗುವವರ ಸಂತೆ. ಆ ಸಂತೆಯ ನಡುವೆ ಬೆಕ್ಕೇ ಮತ್ತೆ ಬರೆದಿತ್ತು: 'ನಾಳೆಯಿಂದ ಬರಬೇಡ. ಕ್ಲಾಸಲ್ಲಿ ಜಾಗವಾದ್ರೂ ಆಗುತ್ತೆ.'

ಔಷಧಿ ಅಂಗಡಿಯ ಹುಡುಗಿ ಸುಮಾರು ದಿನಗಳಿಂದ ಶಾಲೆಗೆ ಹೋಗುತ್ತಿಲ್ಲ ಎಂಬುದು ಬೀದಿಗೆಲ್ಲ ಗೊತ್ತಿತ್ತು. ಹೊಟ್ಟೆನೋವು ಅನ್ನುತ್ತಿದ್ದರು.

ಗಂಡ ಊಟಕ್ಕೆ ಬಂದಾಗ ಟೈಲರಮ್ಮ ಇನ್ನೂ ಮೆಷಿನ್ನಿನ ಮುಂದೆಯೇ ಕೂತಿದ್ದಳು. ಅವನು ಲಿಫ್ಟ್ ಮೆಕ್ಯಾನಿಕ್. ಕೈಯಲ್ಲಿ ಗ್ರೀಸು, ಹೊಟ್ಟೆಯಲ್ಲಿ ಹಸಿವು.

"ರೀ, ಯಾವುದೋ ಬೆಕ್ಕು ನಮ್ಮ ಮೇಜಿನ ಫೋಟೋ ಕದ್ದಿದೆ."

"ಏನು?"

"ಬೆಕ್ಕು. ಕನ್ನಡಕ ಹಾಕಿರೋ ಬೆಕ್ಕು. ನಮ್ಮ ಮನೆಯೊಳಗೆ ಬಂದು ಫೋಟೋ ತೆಗೆದಿದಾರೆ ಯಾರೋ."

ಅವನು ಮೊಣಕೈಯಿಂದ ಫೋನನ್ನು ತಿರುಗಿಸಿ ನೋಡಿದ. "ಯಾರೋ ಬರೋದೇನು ಬಂತು? ಬೆಕ್ಕು ನಿನ್ನ ಫೋನೊಳಗೇ ಇದೆಯಲ್ಲೇ. ನೀನು ಜಿಪ್ ಹಾಕಿದ್ದೂ ಅದರ ಪೇಜಲ್ಲೇ."

ಆಮೇಲೆ ಅವನು ಮಾಡಿದ ಕೆಲಸ ಅವನೊಬ್ಬನೇ ಮಾಡಬಲ್ಲಂಥದ್ದು. ಲಿಫ್ಟ್ ಕೆಟ್ಟರೆ ಮೊದಲು ಮೇನ್ ಆಫ್ ಮಾಡಬೇಕು, ಉಳಿದದ್ದೆಲ್ಲ ಆಮೇಲೆ ಎಂಬುದು ಅವನ ವೃತ್ತಿಧರ್ಮ. ಕೈ ತೊಳೆದುಕೊಂಡು ಬಂದ, ಹುಡುಕಿ ಹುಡುಕಿ ಒತ್ತಿದ, ಪೇಜನ್ನು ಬುಡಸಮೇತ ಅಳಿಸಿಹಾಕಿದ. "ಆಯ್ತು. ಊಟ ಹಾಕು."

"ಅಳಿಸಿಬಿಟ್ರಾ? ಯಾರು ಏನು ಬರೆದಿದ್ರು ಅಂತ ನಾಳೆ ಯಾರಾದ್ರೂ ಕೇಳಿದ್ರೆ?"

"ಹೊಲಸು ಇಟ್ಕೊಂಡು ಪೂಜೆ ಮಾಡ್ತಾರಾ?"

ಸಂಜೆ ಚೂಟಿ ಬಂದವಳೇ ಚೀಲವನ್ನು ಬಾಗಿಲಿಂದಲೇ ಎಸೆದಳು. ಕಣ್ಣು ಊದಿಕೊಂಡಿತ್ತು. ಆದರೂ ಮೊದಲು ಗದರಿದವಳು ಅವಳೇ.

"ಏನಮ್ಮಾ ಮಾಡಿದೆ ನೀನು!"

"ನಾನೇನು ಮಾಡಿದೆ? ಜಿಪ್ ಹಾಕಿದೆ."

"ಯಾವ ಅಕೌಂಟಲ್ಲಿ ಹಾಕ್ತಿದೀನಿ ಅಂತ ನೋಡಬಾರದಾ? ಮೇಲೆ ಹೆಸರಿರುತ್ತೆ! ಇಡೀ ಶಾಲೆ ನಗ್ತಿದೆ!"

"ಆ ಹುಡುಗಿ ಹೆಸರೂ ಇತ್ತಲ್ಲೇ, ಸ್ಕರ್ಟ್ ಒಳಗೆ. ಅದನ್ನ ಇಡೀ ಶಾಲೆಗೆ ತೋರಿಸಿದ್ದು ಯಾರು?"

ಚೂಟಿ ಗೋಡೆಗೆ ಮುಖ ಮಾಡಿದಳು. "ಅದು ನಾನಲ್ಲ. ಅದು ಬೆಕ್ಕು."

"ಬೆಕ್ಕಿಗೆ ಹಾಲು ಹಾಕಿ ಸಾಕಿದ್ದು ಯಾರು, ಹೇಳು ಮತ್ತೆ."

"ನಾವು ನಾಲ್ಕು ಜನ. ಪಾಸ್‌ವರ್ಡ್ ಎಲ್ಲರ ಹತ್ರಾನೂ ಇದೆ. ಯಾರು ಬರೆದ್ರೂ ಬೆಕ್ಕೇ ಬರೆದ ಹಾಗೆ. ಅದೇ ಅಲ್ವಾ ಮಜಾ ಅದರಲ್ಲಿ."

"ಮಜಾ!" ಅಪ್ಪ ಒಳಗಿನಿಂದ ಕೂಗಿದ.

"ಫೋಟೋ?" ಅಮ್ಮ ಕೇಳಿದಳು.

"ಫೋಟೋ ನಾನೇ ತೆಗೆದೆ. ಅವರೆಲ್ಲ ದಿನಾ ಏನಾದ್ರೂ ತರ್ತಿದ್ರು. ಒಬ್ಬಳ ಅಣ್ಣನಿಗೆ ಮೇಷ್ಟರ ಗುಟ್ಟೆಲ್ಲ ಗೊತ್ತು. ಇನ್ನೊಬ್ಬಳು ಚೆನ್ನಾಗಿ ಚಿತ್ರ ಬಿಡಿಸ್ತಾಳೆ. ನನ್ನ ಹತ್ರ ಏನೂ ಇರ್ಲಿಲ್ಲ. ನೀನೇನು ತರ್ತೀಯಾ ಅಂತ ಕೇಳ್ತಾನೇ ಇದ್ರು. ನನ್ನ ಹತ್ರ ಇದ್ದದ್ದು ನಿನ್ನ ಮೇಜು ಒಂದೇ."

"ಮತ್ತೆ ಆ ಜಾಗದ ಮಾತು? ಬರಬೇಡ ಅಂತ ಬರೆದದ್ದು?"

"ಅದು ನಂದಲ್ಲ! ಅಮ್ಮಾ, ನಿನ್ನಾಣೆ, ಅದು ನಂದಲ್ಲ. ಅಷ್ಟು ಕೆಟ್ಟವಳಾ ನಾನು?"

ಅತ್ತೆ ದಾರ ಕಚ್ಚಿ ತುಂಡು ಮಾಡಿದರು. "ನನ್ನಾಣೆ ಇಟ್ಟಿಲ್ಲವಲ್ಲ, ಬದುಕಿದೆ" ಎಂದರು.

ಮುಂದಿನ ವಾರದಿಂದ ಆ ಮನೆಯಲ್ಲಿ ಒಂದು ಊಟವೂ ನೆಟ್ಟಗೆ ಮುಗಿಯಲಿಲ್ಲ. ಬೆಕ್ಕಿನ ಪೇಜು ಹೋಯಿತು, 'ಜಿಪ್ ರಾಣಿ' ಎಂಬ ಪೇಜು ಬಂತು. ಡಮ್ಮಿಯ ಮೇಲೆ ಚೂಟಿಯ ತಲೆ ಅಂಟಿಸಿದ್ದರು. ನಿನ್ನೆಯವರೆಗೆ ಔಷಧಿ ಅಂಗಡಿಯ ಹುಡುಗಿಯನ್ನು ನೋಡಿ ನಕ್ಕವರೇ ಈಗ ಅವಳ ಪರವಾಗಿ ನ್ಯಾಯ ಕೇಳುತ್ತಿದ್ದರು. ಚೂಟಿಗೆ ಏನೇನು ಬರೆದಿದ್ದರು ಎಂಬುದನ್ನು ಇಲ್ಲಿ ಬರೆಯಲಾಗದು. ಬೆಕ್ಕು ಬರೆದದ್ದು ಅದರ ಮುಂದೆ ಮಕ್ಕಳಾಟ. ಅಂಗಡಿಯ ಫೋನಿಗೂ ಕರೆ ಬರತೊಡಗಿತು. "ಆಂಟಿ, ಬೆಕ್ಕಿಗೆ ಪ್ಯಾಂಟ್ ಹೊಲೀತೀರಾ? ಬಾಲಕ್ಕೆ ತೂತು ಬಿಡ್ಬೇಕು."

"ಬಾಲ ತಗೊಂಡು ಬಾ, ಅಳತೆ ತಗೋತೀನಿ" ಎಂದು ಮೊದಲೆರಡು ಸಲ ಉತ್ತರ ಕೊಟ್ಟಳು ಟೈಲರಮ್ಮ. ಆಮೇಲೆ ಬೈದಳು. ಬೈದದ್ದನ್ನು ರೆಕಾರ್ಡ್ ಮಾಡಿ ಅದನ್ನೂ ಹಾಕಿದರು. ಆಮೇಲೆ ಸುಮ್ಮನಾದಳು.

ಕೋಟಿನ ತೋಳು ಗಿಡ್ಡ ಮಾಡಲು ಕೊಟ್ಟಿದ್ದ ಬ್ಯಾಂಕಿನಾಕೆ ಬಂದು, ಮುಟ್ಟದೇ ಇದ್ದ ಕೋಟನ್ನು ವಾಪಸು ಕೇಳಿದಳು.

"ನಾಳೆ ಕೊಡ್ತೀನಿ ಅಂದಿದ್ನಲ್ಲ ಮೇಡಂ."

"ಬೇಡ ಬಿಡಿ. ನಿಮ್ಮ ಮೇಜಿನ ಮೇಲೆ ಬಿಟ್ಟ ಬಟ್ಟೆ ಎಲ್ಲೆಲ್ಲಿಗೆ ಹೋಗುತ್ತೋ ಏನೋ."

ಆಕೆ ಜೋರಾಗಿ ಹೇಳಲಿಲ್ಲ, ಬೇಸರದಿಂದ ಹೇಳಿದಳು. ಕೋಟು ಮಡಚಿ ಕೊಡುವಾಗ ಟೈಲರಮ್ಮನಿಗೆ ಮಡಿಕೆ ಕೂರಲಿಲ್ಲ. ಜನ ತಮ್ಮ ಮೈಯ ಸಂಗತಿಯನ್ನು ಗಂಡ ಹೆಂಡಿರಿಗೂ ಹೇಳದೆ ಅವಳ ಬಳಿ ಹೇಳುತ್ತಿದ್ದರು. ಹೊಟ್ಟೆ ಬಂದದ್ದು, ಒಂದು ಭುಜ ಇಳಿದದ್ದು, ಆಪರೇಷನ್ನಿನ ನಂತರ ಒಂದು ಪಕ್ಕ ಚಪ್ಪಟೆಯಾದದ್ದು. ಅದನ್ನೆಲ್ಲ ಮುಚ್ಚಿಕೊಡುವುದೇ ಅವಳ ಕೆಲಸವಾಗಿತ್ತು.

ಆ ರಾತ್ರಿ ಊಟಕ್ಕೆ ಅನ್ನ, ಮೊಟ್ಟೆ. ಚೂಟಿ ಮೊಟ್ಟೆಯನ್ನು ತಟ್ಟೆಯಲ್ಲಿ ಉರುಳಿಸುತ್ತ ಕೂತಿದ್ದಳು.

"ತಿನ್ನು" ಎಂದ ಅಪ್ಪ.

"ಹಸಿವಿಲ್ಲ."

"ನಾಲ್ಕು ದಿನದಿಂದ ಇದೇ ಹಾಡು. ನಾಳೆಯಿಂದ ಫೋನು, ಗೀನು ಏನೂ ಇಲ್ಲ ಈ ಮನೇಲಿ."

"ಫೋನು ನಿಮ್ಮ ಪೆಟ್ಟಿಗೇಲೇ ಇದೆಯಲ್ಲಪ್ಪ. ನಾನು ನೋಡ್ತಿಲ್ಲ. ನಾನು ನೋಡದೇ ಇದ್ರೂ ಅವರು ಬರೀತಾರೆ. ಕ್ಲಾಸಲ್ಲಿ ನನ್ನ ಮುಂದೆ ಓದ್ತಾರೆ."

ಟೈಲರಮ್ಮನಿಗೆ ಮಗಳನ್ನು ಎದೆಗೊತ್ತಿಕೊಳ್ಳಬೇಕೆನ್ನಿಸಿತು, ಅದೇ ಗಳಿಗೆಯಲ್ಲಿ ರಪ್ಪೆಂದು ಎರಡು ಬಿಡಬೇಕೆಂದೂ ಅನ್ನಿಸಿತು. ಯಾವುದನ್ನು ಮೊದಲು ಮಾಡಬೇಕೆಂದು ತಿಳಿಯದೆ ಅವಳ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದಳು.

"ಇವಳಿಗೂ ಅದೇ ಆಗ್ತಿದೆ ಈಗ" ಎಂದರು ಅತ್ತೆ. "ಆ ಹುಡುಗಿಗೆ ಆದದ್ದು."

"ಅದಕ್ಕೆ ಸಮಾಧಾನ ಮಾಡ್ಬೇಕಾ, ಬುದ್ಧಿ ಹೇಳ್ಬೇಕಾ ಅತ್ತೆ? ನೀವೇ ಹೇಳಿ."

"ನನ್ನ ಯಾಕೆ ಕೇಳ್ತೀಯಮ್ಮ? ನನ್ನ ಮಗನ್ನೇ ನನಗೆ ಸರಿಯಾಗಿ ಬೆಳೆಸೋಕೆ ಆಗಲಿಲ್ಲ, ಕಣ್ಮುಚ್ಚಿಕೊಂಡು ಎಲ್ಲ ಅಳಿಸಿ ಕೂತ."

"ಅಮ್ಮಾ!" ಎಂದ ಗಂಡ.

ಅಳಿಸಿದ್ದರ ಫಲ ಶಾಲೆಯಲ್ಲಿ ಕಂಡಿತು. ಹೆಡ್‌ಮಿಸ್ ನಾಲ್ಕೂ ಹುಡುಗಿಯರ ತಾಯಂದಿರನ್ನು ಕರೆಸಿದ್ದರು. ಒಬ್ಬಾಕೆ, "ನಮ್ಮವಳು ಫೋನೇ ಮುಟ್ಟಲ್ಲ ಮಿಸ್" ಎಂದಳು. ಅವಳ ಹಿಂದೆಯೇ ನಿಂತಿದ್ದ ಮಗಳ ಹೆಬ್ಬೆರಳುಗಳು ಫೋನಿನ ಮೇಲೆ ಓಡುತ್ತಿದ್ದವು. ಇನ್ನೊಬ್ಬಾಕೆಯ ಪ್ರಕಾರ ಫೋಟೋ ತೆಗೆದವಳೇ ಎಲ್ಲವನ್ನೂ ಬರೆದದ್ದು. ಮೂರನೆಯಾಕೆ ಅತ್ತಳು. ಹುಡುಗಿಯರು ಒಬ್ಬರನ್ನೊಬ್ಬರು ತೋರಿಸಿದರು.

"ಆ ಕೆಟ್ಟ ಸಾಲು ಬರೆದದ್ದು ಯಾರು ಅಂತ ಗೊತ್ತಾದ್ರೆ ನಾನು ಏನಾದ್ರೂ ಮಾಡಬಹುದು" ಎಂದರು ಹೆಡ್‌ಮಿಸ್. "ಪೇಜು ಇದ್ದಿದ್ರೆ ಯಾವ ಫೋನಿಂದ ಹೋಯ್ತು ಅಂತ ವಿಚಾರಿಸಬಹುದಿತ್ತು. ಅಳಿಸಿದವರು ಯಾರು?"

ಟೈಲರಮ್ಮ ಕೈ ಎತ್ತಿದಳು, ಶಾಲೆಯ ಮಗುವಿನ ಹಾಗೆ. "ನಮ್ಮೆಜಮಾನ್ರು ಮಿಸ್. ಅವರು ಲಿಫ್ಟ್ ರಿಪೇರಿ ಮಾಡ್ತಾರೆ."

ಅದು ಯಾಕೆ ಹೇಳಿದೆನೋ ಎಂದು ದಾರಿಯುದ್ದಕ್ಕೂ ಹಲುಬಿದಳು. ಅಲ್ಲಿದ್ದವರೆಲ್ಲ ಮಗಳನ್ನು ಉಳಿಸಲು ಅಳಿಸಿದರು ಎಂದೇ ತಿಳಿದರು.

ಈ ಮಧ್ಯೆ ಅತ್ತೆಯ ರಕ್ತದೊತ್ತಡದ ಮಾತ್ರೆ ಮುಗಿದಿತ್ತು. ಬೀದಿಯ ತಿರುವಿನಲ್ಲೇ ಔಷಧಿ ಅಂಗಡಿ ಇರುವಾಗ ಟೈಲರಮ್ಮ ಬಸ್ಸು ಹತ್ತಿ ಇನ್ನೊಂದು ಬಡಾವಣೆಗೆ ಹೋಗಿ ಮಾತ್ರೆ ತರುತ್ತಿದ್ದಳು. ಎರಡನೆಯ ಸಲ ಅಲ್ಲಿ ಬೇರೆ ಕಂಪನಿಯದ್ದು ಕೊಟ್ಟರು. ಅತ್ತೆಗೆ ತಲೆಸುತ್ತು ಬಂತು.

"ನನ್ನ ಸಾಯಿಸಿಯಾದ್ರೂ ಸರಿ, ಆ ಅಂಗಡಿ ಮುಂದೆ ಹಾದು ಹೋಗಲ್ಲ ಅಂತೀರಲ್ಲ ನೀವು" ಎಂದರು ಅತ್ತೆ ಮಲಗಿದಲ್ಲಿಂದ.

ಟೈಲರಮ್ಮ ಮೆಷಿನ್ನಿನಿಂದ ಎದ್ದಳು. "ಚೂಟೀ, ಚಪ್ಪಲಿ ಹಾಕ್ಕೋ."

"ಎಲ್ಲಿಗೆ?"

"ಔಷಧಿ ಅಂಗಡಿಗೆ."

"ನಾನು ಬರಲ್ಲ. ನಿನ್ನ ಫೋನಿಂದ ಸಾರಿ ಅಂತ ಮೆಸೇಜ್ ಕಳಿಸಿದ್ದೆ ಅಮ್ಮ. ಅವಳು ಬ್ಲಾಕ್ ಮಾಡಿದಾಳೆ."

"ಕಳಿಸಿದ್ದು ಯಾರು, ನೀನಾ ಬೆಕ್ಕಾ?"

"ಅಮ್ಮಾ…"

"ಎದುರಿಗೆ ನಿಂತು ಹೇಳ್ಬೇಕು. ಅವಳು ಕಪಾಳಕ್ಕೆ ಹೊಡೆದ್ರೆ ಹೊಡೆಸ್ಕೋ. ನಾನು ಪಕ್ಕದಲ್ಲಿರ್ತೀನಿ. ಆದ್ರೆ ನಿನ್ನ ಪರವಾಗಿ ಒಂದು ಮಾತೂ ಆಡಲ್ಲ, ತಿಳ್ಕೋ. ನನಗೂ ಅಲ್ಲಿ ಕ್ಷಮೆ ಕೇಳೋದಿದೆ, ನನ್ನ ಮೇಜಿಂದ ಹೋದದ್ದಕ್ಕೆ."

ಔಷಧಿ ಅಂಗಡಿಯಲ್ಲಿ ಆಗ ಗಿರಾಕಿಗಳಿರಲಿಲ್ಲ. ಹುಡುಗಿ ಏಣಿಯ ಮೇಲೆ ನಿಂತು ಕೆಮ್ಮಿನ ಔಷಧಿಯ ಬಾಟಲಿಗಳನ್ನು ಜೋಡಿಸುತ್ತಿದ್ದಳು. ಮನೆಯ ಸಡಿಲ ಅಂಗಿ, ಬಾಚದ ಕೂದಲು. ಇವರನ್ನು ನೋಡಿ ಅವಳ ಅಮ್ಮ ಕೌಂಟರಿಗೆ ಎರಡೂ ಕೈ ಊರಿದಳು.

"ಏನು ಬೇಕಿತ್ತು?"

"ಅತ್ತೆ ಮಾತ್ರೆ," ಎಂದಳು ಟೈಲರಮ್ಮ. "ಅದು ಆಮೇಲೆ. ಮೊದಲು ನನ್ನ ತಪ್ಪು ಹೇಳ್ತೀನಿ. ನೀವು ನಂಬಿ ಬಟ್ಟೆ ಬಿಟ್ಟು ಹೋದ್ರಿ. ನನ್ನ ಮನೆಯಿಂದಲೇ ಅದು ಹೊರಗೆ ಹೋಯ್ತು. ಕ್ಷಮಿಸಿ ಅಂತ ಕೇಳೋಕೂ ಮುಖ ಇಲ್ಲ."

"ನನ್ನ ಮಗಳು ಮೂರು ವಾರದಿಂದ ಹೊರಗೆ ಕಾಲಿಟ್ಟಿಲ್ಲ. ಊಟ ಬಿಟ್ಟಿದಾಳೆ, ಸಣ್ಣ ಆಗ್ಬೇಕಂತೆ. ನೀವು ಕೇಳ್ತೀರಿ, ಹೋಗ್ತೀರಿ. ನಾನೇನು ಮಾಡ್ಲಿ?"

ಚೂಟಿ ಒಂದು ಹೆಜ್ಜೆ ಮುಂದೆ ಬಂದಳು. ಏಣಿಯ ಕಡೆ ನೋಡದೆ ಕೌಂಟರಿನ ಗಾಜನ್ನು ನೋಡುತ್ತ, "ಫೋಟೋ ತೆಗೆದು ಹಾಕಿದ್ದು ನಾನು. ತಪ್ಪಾಯ್ತು" ಎಂದಳು.

ಹುಡುಗಿ ಏಣಿಯಿಂದ ಇಳಿದಳು. ಕೈಯಲ್ಲಿದ್ದ ಬಾಟಲಿಯನ್ನು ಕೆಳಗಿಡಲಿಲ್ಲ.

"ಫೋಟೋ ಹಾಳಾಗ್ಲಿ" ಎಂದಳು. "ನಾನು ದಪ್ಪ ಅಂತ ಎಲ್ರಿಗೂ ಕಾಣುತ್ತೆ. ಬರಬೇಡ, ಜಾಗ ಆಗುತ್ತೆ ಅಂತ ಬರೆದದ್ದು ಯಾರು?"

ಚೂಟಿ ಕೌಂಟರಿನ ಗಾಜಿನ ಮೇಲಿನ ಗೆರೆಯೊಂದನ್ನು ಉಗುರಿನಿಂದ ಕೆರೆದಳು.

"ಕ್ಲಾಸಿಗೆ ಕಾಲಿಟ್ರೆ ಇವಳಾ, ಅವಳಾ ಅಂತ ಒಬ್ಬೊಬ್ಬರ ಮುಖ ನೋಡ್ಬೇಕು ನಾನು. ಮೇಷ್ಟರ ಮುಖ ಕೂಡ. ಅದಕ್ಕೇ ಬರ್ತಿಲ್ಲ. ಯಾರು ಅಂತ ಹೇಳು. ಒಂದು ಹೆಸರು ಹೇಳು ಸಾಕು."

ಔಷಧಿ ಇಡುವ ಫ್ರಿಜ್ಜು ಗುಂಯ್ ಎನ್ನುತ್ತಿತ್ತು. ಟೈಲರಮ್ಮನಿಗೆ ಬಾಯ ತುದಿಗೆ ಮಾತು ಬಂದಿತ್ತು: ಅದು ಇವಳಲ್ಲಮ್ಮ, ಆಣೆ ಮಾಡಿದಾಳೆ. ಆಡುವುದಿಲ್ಲ ಎಂದು ತಾನೇ ಹೇಳಿದ್ದು ನೆನಪಾಗಿ ಸೆರಗಿನ ತುದಿಯನ್ನು ಹಿಡಿದುಕೊಂಡಳು.

ಚೂಟಿ ತಲೆ ಎತ್ತಿ ಆ ಹುಡುಗಿಯನ್ನೇ ನೋಡಿದಳು.

"ನಾನೇ" ಎಂದಳು.

ಹುಡುಗಿ ಬಹಳ ಹೊತ್ತು ಅವಳ ಮುಖವನ್ನು ನೋಡಿದಳು. ಹೊಡೆಯಲಿಲ್ಲ, ಅಳಲಿಲ್ಲ. "ನಾನು ಬೇರೆ ಯಾರೋ ಅಂದ್ಕೊಂಡಿದ್ದೆ" ಎಂದಳು. ಬಾಟಲಿಯನ್ನು ಕೌಂಟರಿನ ಮೇಲಿಟ್ಟು ಅಮ್ಮನಿಗೆ, "ಅಜ್ಜಿ ಮಾತ್ರೆ ಮೇಲಿನ ಡ್ರಾದಲ್ಲಿದೆ, ಕೊಟ್ಟು ಕಳಿಸು" ಎಂದು ಹೇಳಿ ಒಳಗೆ ಹೋದಳು.

ಬೀದಿಗೆ ಬಂದ ಮೇಲೆ ಟೈಲರಮ್ಮ ಮಗಳ ತೋಳು ಹಿಡಿದು ನಿಲ್ಲಿಸಿದಳು. ಸೈಕಲ್ಲಿನವನೊಬ್ಬ ಬೆಲ್ ಬಾರಿಸಿ ಬೈದುಕೊಂಡು ಸುತ್ತಿ ಹೋದ.

"ಮನೇಲಿ ನನ್ನಾಣೆ ಇಟ್ಟೆ. ಇಲ್ಲಿ ನಾನೇ ಅಂದೆ. ಯಾವುದು ನಿಜ?"

"ಹೇಳಾಯ್ತಲ್ಲ ಅಮ್ಮ."

"ಯಾರಿಗೆ ಹೇಳಿದ್ದು ನಿಜ? ನನಗಾ, ಅವಳಿಗಾ?"

"ಬಿಡು ಅಮ್ಮಾ. ಕೈ ನೋಯ್ತಿದೆ."

ಟೈಲರಮ್ಮ ಕೈ ಬಿಟ್ಟಳು.

ಸೋಮವಾರ ಔಷಧಿ ಅಂಗಡಿಯ ಹುಡುಗಿ ಶಾಲೆಗೆ ಬಂದಳಂತೆ. ಚೂಟಿಯ ಬಳಿ ಮಾತಾಡಲಿಲ್ಲ, ಇಂದಿಗೂ ಆಡುವುದಿಲ್ಲ. 'ಜಿಪ್ ರಾಣಿ' ಇನ್ನೂ ಕೆಲವು ದಿನ ಓಡಿ, ಮಾಡಿದವರಿಗೇ ಬೇಸರ ಬಂದು ನಿಂತಿತು. ಆ ಉಳಿದ ಮೂವರು ಚೂಟಿಯನ್ನು ಮತ್ತೆ ಕರೆದರು. ಅವಳು ಹೋಗಲಿಲ್ಲ. ಹೋಗದಿದ್ದುದಕ್ಕೂ ಕಾರಣ ಹೇಳಲಿಲ್ಲ.

ಟೈಲರಮ್ಮ ಹಲವು ಸಲ ಕೇಳಿದಳು, ಗದರಿಸಿ ಕೇಳಿದಳು, ತಲೆ ಬಾಚುತ್ತ ಮೆಲ್ಲಗೆ ಕೇಳಿದಳು. ಆ ಸಾಲನ್ನು ಬರೆದದ್ದು ಚೂಟಿಯೇ ಆಗಿದ್ದರೆ ಅವಳು ತಾಯಿಗೆ ಸುಳ್ಳು ಹೇಳಿದಳು. ಬೇರೆ ಯಾರೋ ಆಗಿದ್ದರೆ, ಏಣಿಯಿಂದಿಳಿದ ಆ ಹುಡುಗಿಗೆ ಸುಳ್ಳು ಹೇಳಿದಳು. ಎರಡರಲ್ಲಿ ಯಾವುದೆಂದು ತಾಯಿಗೆ ಈಗಲೂ ಗೊತ್ತಿಲ್ಲ. ಇದನ್ನು ಬರೆದವರಿಗೂ ಗೊತ್ತಿಲ್ಲ.